ಮಾವನಲ್ಲಿ ಉಳಿದ ಇಂಗ್ಲಿಷು

ಒಂಬತ್ತನೇ ಕ್ಲಾಸಿಗೆ ವರ್ತಮಾನ ಕೃದಂತ ಕಲಿಸುವುದೆಂದರೆ ನನಗೆ ಈಗೀಗ ತಲೆನೋವು. ಇಂಗ್ಲಿಷಿನಲ್ಲಿ ಅದನ್ನು ಪ್ರೆಸೆಂಟ್ ಪಾರ್ಟಿಸಿಪಲ್ ಎನ್ನುತ್ತಾರೆ. ಕ್ರಿಯಾಪದದ ಬಾಲಕ್ಕೆ ಒಂದು 'ಇಂಗ್' ಅಂಟಿಸಿದರೆ ಆಯಿತು, ಈಟ್ ಹೋಗಿ ಈಟಿಂಗ್ ಆಗುತ್ತದೆ, ರನ್ ಹೋಗಿ ರನ್ನಿಂಗ್ ಆಗುತ್ತದೆ. ಅಂಟಿಸುವುದು ಸುಲಭ. ಅಂಟಿಸಿದ ಮೇಲೆ ಅದು ಏನೇನು ಕೆಲಸ ಮಾಡುತ್ತದೆ ಎಂದು ಹೇಳಲು ಹೊರಟರೆ ಪಿರಿಯಡ್ಡೇ ಮುಗಿದುಹೋಗುತ್ತದೆ. ಕನ್ನಡದಲ್ಲಿ ನಾವು 'ಹುಡುಗಿ ಓಡುತ್ತಿದ್ದಾಳೆ' ಎನ್ನುವಾಗ ಒಂದು ರೂಪ ಬಳಸುತ್ತೇವೆ, 'ಓಡುತ್ತಿರುವ ಹುಡುಗಿ' ಎನ್ನುವಾಗ ಇನ್ನೊಂದು, 'ಓಡುತ್ತಾ ಬಂದಳು' ಎನ್ನುವಾಗ ಮತ್ತೊಂದು. ಇಂಗ್ಲಿಷಿನಲ್ಲಿ ಈ ಮೂರೂ ಕೆಲಸವನ್ನು ಆ ಒಂದು ರನ್ನಿಂಗ್ ಒಬ್ಬಳೇ ಮಾಡಬೇಕು. ಪಾಪ, ನನ್ನ ಹಾಗೆ.

ಹೆಸರಿನಲ್ಲಿ ವರ್ತಮಾನ ಅಂತ ಇದೆಯೇ ಹೊರತು ಅದಕ್ಕೆ ಕಾಲದ ಗೊಡವೆಯೂ ಇಲ್ಲ. ನಿನ್ನೆ ಓಡುತ್ತಿದ್ದರೂ ರನ್ನಿಂಗ್, ನಾಳೆ ಓಡುತ್ತಿದ್ದರೂ ರನ್ನಿಂಗ್. ಕಾಲ ಹೇಳುವುದು ಅದರ ಮುಂದಿರುವ ಈಸ್, ವಾಸ್‌ಗಳ ಪಾಡು. ಇಂಗ್ ಹೇಳುವುದು ಒಂದೇ ಮಾತು: ಕೆಲಸ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನಗೆ ಮನೆ ನೆನಪಾಗುತ್ತಿತ್ತು. ವಾಷಿಂಗ್, ಕುಕಿಂಗ್, ಫೀಡಿಂಗ್, ಲಿಫ್ಟಿಂಗ್, ವೈಪಿಂಗ್. ಥೂ, ಉದಾಹರಣೆಗೆ ಬೇರೆ ಪದಗಳೇ ಇಲ್ಲವಾ ಎಂದು ಅಳಿಸಿ, ಸಿಂಗಿಂಗ್, ಡಾನ್ಸಿಂಗ್ ಎಂದು ಬರೆಯುತ್ತಿದ್ದೆ.

ಲಗ್ಗೆರೆಯ ಒಂದು ಸಣ್ಣ ಖಾಸಗಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ಮಕ್ಕಳ ಅಪ್ಪ ಅಮ್ಮಂದಿರು ಹೆಚ್ಚಾಗಿ ಪೀಣ್ಯದ ಕಡೆ ಕೆಲಸಕ್ಕೆ ಹೋಗುವವರು. ಮಕ್ಕಳಿಗೆ ಇಂಗ್ ಗೊತ್ತಿಲ್ಲವೆಂದಲ್ಲ, ಜಾಸ್ತಿಯೇ ಗೊತ್ತು. "ಏನ್ ಮಾಡಿಂಗ್ ಮಗಾ?" "ಸುಮ್ನೆ ಕೂರಿಂಗ್ ಗುರು" ಎಂದು ಕಾರಿಡಾರಿನಲ್ಲಿ ಕೂಗಾಡುತ್ತಾರೆ. ಕನ್ನಡದ ಯಾವ ಪದಕ್ಕೆ ಬೇಕಾದರೂ ಅಂಟಿಸುತ್ತಾರೆ, ಪರೀಕ್ಷೆಯಲ್ಲಿ ಇಂಗ್ಲಿಷ್ ಪದಕ್ಕೆ ಅಂಟಿಸಿ ಎಂದರೆ ಮಾತ್ರ ಪೆನ್ನು ಕಚ್ಚಿಕೊಂಡು ಕೂರುತ್ತಾರೆ. ಇಲ್ಲವಾದರೆ ಬೇಡದ ಕಡೆ ಅಂಟಿಸುತ್ತಾರೆ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್'. ಅಲ್ಲಮ್ಮಾ, ತಮ್ಮಂದಿರನ್ನ ತಿನ್ತಾ ಇದ್ದೀಯಾ ಎಂದು ಕೇಳಿದರೆ ಕ್ಲಾಸೆಲ್ಲ ನಗುತ್ತದೆ, ಮಾರನೆಯ ದಿನ ಅದೇ ವಾಕ್ಯ ಮತ್ತೆ ಬರುತ್ತದೆ.

ಆ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಸಂಜೆ ಬೆಲ್ ಹೊಡೆದ ಮೇಲೆ ಉಳಿದವರೆಲ್ಲ ಬ್ಯಾಗು ಎಳೆದುಕೊಂಡು ಓಡಿದರೆ ಇವಳು ಬಾಗಿಲಲ್ಲಿ ನಿಂತು, "ಮಿಸ್, ಕಮಿಂಗ್ ಮಿಸ್" ಎಂದು ಹೇಳಿಯೇ ಹೋಗುವಳು. ಒಂದು ದಿನ ನನಗೆ ರೇಗಿತು.

"ಬರ್ತಾ ಇದ್ದೀಯೋ, ಹೋಗ್ತಾ ಇದ್ದೀಯೋ? ಗೋಯಿಂಗ್ ಅನ್ನು."

"ಹೋಗ್ತೀನಿ ಅನ್ಬಾರ್ದು ಮಿಸ್. ನಮ್ಮಜ್ಜಿ ಬೈತಾರೆ. ಬರ್ತೀನಿ ಅನ್ಬೇಕಂತೆ."

"ಅದು ಕನ್ನಡದಲ್ಲಿ ಕಣೇ."

"ಇಂಗ್ಲಿಷಲ್ಲಾದ್ರೆ ಏನೂ ಆಗಲ್ವಾ ಮಿಸ್?"

ಹೊರಡುವವರು ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು ಎಂಬುದು ನಮ್ಮ ಮನೆಯಲ್ಲೂ ಇದ್ದದ್ದೇ. ಆದರೆ ಗ್ರಾಮರ್ ಪುಸ್ತಕದಲ್ಲಿ ಅಜ್ಜಿಯರಿಗೆ ಜಾಗವಿಲ್ಲ. ಸಾಕಪ್ಪಾ ಸಾಕು ಅನ್ನಿಸಿ, "ನಾಳೆಯಿಂದ ಏನೂ ಹೇಳ್ದೆ ಹೋಗು ತಾಯಿ" ಎಂದೆ.

ನನಗೆ ಆಗ ಯಾರ ಜೊತೆಗೂ ವಾದ ಮಾಡುವ ಶಕ್ತಿ ಇರಲಿಲ್ಲ. ಮಾವನಿಗೆ ಸ್ಟ್ರೋಕ್ ಆಗಿ ವರ್ಷವಾಗುತ್ತಾ ಬಂದಿತ್ತು. ಅದಕ್ಕೆ ಮುಂಚೆ ನಾನು, ನನ್ನ ಗಂಡ ಬೇಗೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮದುವೆಯಾದಾಗಿನಿಂದಲೂ ಅಲ್ಲೇ. ಅತ್ತೆ, ಮಾವ ಲಗ್ಗೆರೆಯ ತಮ್ಮ ಸ್ವಂತ ಮನೆಯಲ್ಲಿ ಹಾಯಾಗಿದ್ದರು. ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವ ಸೊಸೆ ನಾನು. ಸ್ಟ್ರೋಕ್ ಆದ ಮೇಲೆ ಅತ್ತೆ ಒಬ್ಬರ ಕೈಯಲ್ಲಿ ಮಾವನನ್ನು ಎತ್ತಿ ಕೂರಿಸಲು ಆಗುವುದಿಲ್ಲವೆಂದು ಬೇಗೂರಿನ ಮನೆ ಖಾಲಿ ಮಾಡಿ ಬಂದೆವು, ನಾನು ಇಲ್ಲಿನ ಸ್ಕೂಲಿಗೆ ಸೇರಿಕೊಂಡೆ. ಗಂಡ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ದೊಡ್ಡ ಕಟ್ಟಡದ ಮೆಯಿಂಟೆನೆನ್ಸ್ ನೋಡಿಕೊಳ್ಳುವವರು. ಲಗ್ಗೆರೆಯಿಂದ ಅಲ್ಲಿಗೆ ಹೋಗುವುದೆಂದರೆ ಇಡೀ ಬೆಂಗಳೂರನ್ನು ದಾಟಬೇಕು. ಬೆಳಕು ಹರಿಯುವ ಮುಂಚೆ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಹಾಗಾಗಿ ಎತ್ತುವುದು, ಇಳಿಸುವುದು, ಒರೆಸುವುದು ನನ್ನ ಮತ್ತು ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಮಂಡಿನೋವು. ಅಂದರೆ ನನ್ನ ಪಾಲಿಗೆ ಬಂತು.

ಮಾವ ಪಬ್ಲಿಕ್ ಸೆಕ್ಟರ್ ಫ್ಯಾಕ್ಟರಿಯಲ್ಲಿ ಮೆಷಿನ್ ಶಾಪಿನಲ್ಲಿದ್ದು ರಿಟೈರ್ ಆದವರು. ಮೊದಲಿನಿಂದಲೂ ಮಾತು ಕಮ್ಮಿ. ಇಸ್ತ್ರಿ ಅಂಗಿ ಇನ್‌ಶರ್ಟ್ ಮಾಡಿಕೊಂಡು, ಪಾಲಿಶ್ ಮಾಡಿದ ಶೂ ಹಾಕಿಕೊಂಡು ತರಕಾರಿ ತರಲು ಹೋಗುವ ಜನ. ಅತ್ತೆಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಇವಳೇ" ಎನ್ನುವರು, ಇಲ್ಲವೇ ಗಂಟಲು ಸರಿಮಾಡಿಕೊಳ್ಳುವರು. ಅತ್ತೆಯೂ ಅಷ್ಟೇ, ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುವರು. ಆ ಕಾಲದ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಬಾಯಲ್ಲಿ ಹೇಳದೆಯೇ ಸಂಸಾರ ಮುಗಿಸಿಬಿಟ್ಟರು.

ಸ್ಟ್ರೋಕ್ ಮಾವನ ಬಲಗೈ, ಬಲಗಾಲು ಕಿತ್ತುಕೊಂಡಿತು, ಜೊತೆಗೆ ಮಾತನ್ನೂ. 'ನೀರು', 'ಅಯ್ಯೋ', 'ಸಾಕು' ಇಷ್ಟು ಉಳಿದವು. ಮಿಕ್ಕಿದ್ದಕ್ಕೆಲ್ಲ ಎಡಗೈ ಆಡಿಸುವರು, ನಮಗೆ ಅರ್ಥವಾಗದಿದ್ದರೆ ಸಿಟ್ಟಿನಿಂದ ಲೋಟ ತಳ್ಳುವರು. ನಾನೂ ಸಿಟ್ಟಿನಿಂದಲೇ ನೆಲ ಒರೆಸುತ್ತಿದ್ದೆ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಅವರನ್ನು ಆಟೋದಲ್ಲಿ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆವು. ಪೀಣ್ಯದ ಹತ್ತಿರ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಕ್ಲಿನಿಕ್ಕು. ಲಿಫ್ಟಿನ ಬಾಗಿಲು ಮುಚ್ಚಬೇಕಾದರೆ ಮೂರು ಸಲ ಎಳೆಯಬೇಕು. ಥೆರಪಿ ಕೊಡುವವರು ಕಾಲೇಜಿನಿಂದ ಈಗ ತಾನೇ ಹೊರಗೆ ಬಂದಂತಿದ್ದ ಹುಡುಗಿ, ತಾಳ್ಮೆ ಮಾತ್ರ ನನಗಿಂತ ನೂರು ಪಾಲು ಜಾಸ್ತಿ. ಒಳಗೆ ಜೊತೆಗೆ ಬಂದವರಲ್ಲಿ ಒಬ್ಬರಿಗಷ್ಟೇ ಜಾಗ. ಅತ್ತೆ ಹೊರಗೆ ಬೆಂಚಿನ ಮೇಲೆ ಕೂರುವರು. "ನೀನೋಗು, ನಿಂಗಾದ್ರೆ ಇಂಗ್ಲಿಷ್ ಬರ್ತದೆ" ಎನ್ನುವರು.

ಇಂಗ್ಲಿಷ್ ಬೇಕಾಗಿದ್ದು ನಿಜ. ಆ ಹುಡುಗಿಯ ಹತ್ತಿರ ಚಿತ್ರದ ಕಾರ್ಡುಗಳಿದ್ದವು. ಒಂದೊಂದರಲ್ಲೂ ಯಾರೋ ಏನೋ ಮಾಡುತ್ತಿರುತ್ತಾರೆ: ಹುಡುಗ ಬಾಳೆಹಣ್ಣು ತಿನ್ನುತ್ತಿದ್ದಾನೆ, ಹೆಂಗಸು ಗುಡಿಸುತ್ತಿದ್ದಾಳೆ. ಕಾರ್ಡು ತೋರಿಸಿ "ಏನ್ ಮಾಡ್ತಿದಾರೆ ಅಂಕಲ್?" ಎಂದು ಕೇಳಬೇಕು, ಮಾವ ಹೇಳಬೇಕು. ಕನ್ನಡದಲ್ಲಿ ಕೇಳಿದರೆ ಮಾವನ ಬಾಯಿ ಬರೀ ತಡಕಾಡುತ್ತಿತ್ತು. ಒಂದು ಶನಿವಾರ ಗುಡಿಸುವ ಹೆಂಗಸಿನ ಕಾರ್ಡು ನೋಡಿ, ನಾವಿಬ್ಬರೂ ಬೆಚ್ಚಿಬೀಳುವ ಹಾಗೆ, "ಕ್ಲೀನಿಂಗ್" ಎಂದರು.

ಆಮೇಲೆ ಒಂದರ ಹಿಂದೆ ಒಂದು. ಈಟಿಂಗ್. ಲಿಫ್ಟಿಂಗ್. ಕಟಿಂಗ್. ಕೊಡೆ ಹಿಡಿದು ನಡೆಯುತ್ತಿದ್ದವನಿಗೆ ವಾಕಿಂಗ್. ಚಪಾತಿ ಲಟ್ಟಿಸುವವಳನ್ನು ನೋಡಿ ರೋಲಿಂಗ್. ಫ್ಯಾಕ್ಟರಿಯ ಬೋರ್ಡುಗಳಲ್ಲಿ, ಫೋರ್‌ಮನ್ನರ ಬಾಯಲ್ಲಿ ಜೀವಮಾನವಿಡೀ ಕೇಳಿದ ಇಂಗ್ಲಿಷು ಅದು. ಡ್ರಿಲ್ಲಿಂಗ್, ಬೋರಿಂಗ್, ಮಿಲ್ಲಿಂಗ್, ಗ್ರೈಂಡಿಂಗ್, ಅವರ ಶಾಪಿನಲ್ಲಿ ಕೆಲಸಗಳ ಹೆಸರುಗಳೇ ಹೀಗೆ. ಎರಡು ಭಾಷೆ ಬಲ್ಲವರಿಗೆ ಒಂದೊಂದು ಸಲ ಹೀಗಾಗುತ್ತದೆ, ಮನೆಮಾತು ಹೋಗಿ ಇನ್ನೊಂದು ಉಳಿಯುತ್ತದೆ ಎಂದು ಥೆರಪಿಯ ಹುಡುಗಿ ಹೇಳಿದಳು. ಆದರೆ ಉಳಿದದ್ದಕ್ಕೆ ಕರ್ತೃವೂ ಇಲ್ಲ, ಈಸ್, ವಾಸ್‌ಗಳೂ ಇಲ್ಲ. ಯಾರು ಮಾಡುತ್ತಿದ್ದಾರೆ, ಯಾವಾಗ ಮಾಡಿದರು ಎಂಬುದು ಹೋಗಿ ಕೆಲಸ ಮಾತ್ರ ನಡೆಯುತ್ತಲೇ ಇತ್ತು. ಕ್ಲಾಸಿನಲ್ಲಾಗಿದ್ದರೆ ಅರ್ಧ ಮಾರ್ಕು ಕೊಡುತ್ತಿದ್ದೆ.

ಮನೆಯಲ್ಲಿ ಆ ಇಂಗೂ ಬರುತ್ತಿರಲಿಲ್ಲ. ಮನೆಯಲ್ಲಿ ಯಾರು ಕಾರ್ಡು ತೋರಿಸುತ್ತಾರೆ? ನಾನು ಸ್ಕೂಲಿನಲ್ಲಿ ಇಂಗ್ ಕಲಿಸಿ ಬಂದು ಮತ್ತೆ ಮನೆಯಲ್ಲೂ ಅದನ್ನೇ ಹಿಡಿದುಕೊಂಡು ಕೂರಬೇಕಿತ್ತು. ಆಗಲಿಲ್ಲ, ಅಷ್ಟೇ.

ಅಷ್ಟರಲ್ಲಿ ನನ್ನ ಗಂಡ ಚಂದಾಪುರದಲ್ಲಿ ಒಂದು ಆರೈಕೆ ಮನೆ ನೋಡಿಕೊಂಡು ಬಂದರು. ಸ್ಟ್ರೋಕ್ ಆದ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಅವರ ಆಫೀಸಿನಿಂದ ಹತ್ತಿರ, ದಿನಾ ಸಂಜೆ ಹೋಗಿ ಮಾತಾಡಿಸಿ ಬರಬಹುದು. "ನಿನ್ ಕೈಲಿ ಎಷ್ಟು ದಿನ ಅಂತ ಆಗತ್ತೆ?" ಎಂದು ನನ್ನನ್ನು ಕೇಳಿದರು. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ, ಆಗುತ್ತದೆ ಎಂದು ಸುಳ್ಳು ಹೇಳಲೂ ಆಗಲಿಲ್ಲ. ಬಟ್ಟೆ ಮಡಚುತ್ತಾ ಕೂತೆ.

ಅತ್ತೆ ಮಾತ್ರ ಖಡಾಖಂಡಿತವಾಗಿ ಹೇಳಿದರು. "ನಾನ್ಯಾರು ಅಂತ ಅವ್ರಿಗ್ ಗೊತ್ತಿರೋ ತಂಕ ಈ ಮನೆ ಬುಟ್ಟು ಕಳ್ಸಕಿಲ್ಲ. ಅದೇ ಗೊತ್ತಿಲ್ಲ ಅಂದ್ರೆ ಬುಡು, ಎಲ್ಲಿದ್ರೇನು."

ಗೊತ್ತಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಮಾವ ಅತ್ತೆಯನ್ನು ನೋಡುವರು. ಅನ್ನ ಕಲಸಿ ಕೊಟ್ಟರೆ ತಿನ್ನುವರು. ನಾನು ಕೊಟ್ಟರೂ ತಿನ್ನುವರು, ಪಕ್ಕದ ಮನೆಯವರು ಕೊಟ್ಟರೂ ತಿನ್ನುವರು. ಅತ್ತೆ ಅವರ ಮುಂದೆ ಕೂತು, "ನಾನ್ಯಾರು ಏಳಿ?" ಎಂದು ಕೇಳುವುದನ್ನು ಅಡುಗೆ ಮನೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಅತ್ತೆ ಸೆರಗಿನಿಂದ ಅವರ ಬಾಯಿ ಒರೆಸಿ ಎದ್ದು ಬರುವರು.

ಮುಂದಿನ ಶನಿವಾರ ಮನೆಯವರ ಫೋಟೋಗಳನ್ನು ತನ್ನಿ, ಗುರುತು ಹಿಡಿಯುತ್ತಾರಾ ನೋಡೋಣ ಎಂದು ಥೆರಪಿಯವಳು ಹೇಳಿದ್ದಳು. ಅತ್ತೆ ಅಲ್ಮೇರಾ ತಡಕಿ ತಮ್ಮದೊಂದು ಹಳೆಯ ಫೋಟೋ ತೆಗೆದುಕೊಟ್ಟರು. ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು, ಎರಡು ಜಡೆ, ಕೈತುಂಬ ಬಳೆ. "ಈಗಿನ ಮುಖ ಬ್ಯಾಡ, ಇದ್ನೇ ತೋರ್ಸು" ಎಂದರು. ಆಟೋದಲ್ಲಿ ಮತ್ತೆ ಮತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಪರೀಕ್ಷೆ ಯಾರಿಗೆ ಎನ್ನುವುದು ನನಗೆ ಅವರ ಮುಖ ನೋಡಿದಾಗ ಗೊತ್ತಾಯಿತು.

ಒಳಗೆ ಮೊದಲು ಎಂದಿನಂತೆ ಕಾರ್ಡುಗಳಾದವು. ಕೊನೆಯ ಕಾರ್ಡು, ಸ್ಟಾಪಿನಲ್ಲಿ ಜನ ನಿಂತಿದ್ದಾರೆ, ದೂರದಿಂದ ಬಸ್ಸು ಬರುತ್ತಿದೆ. ಮಾವ "ಕಮಿಂಗ್" ಎಂದರು. ಸರಿಯಾಗಿತ್ತು. ಆಮೇಲೆ ಫೋಟೋಗಳು. ಮಗನ ಫೋಟೋಗೆ ಎಡಗೈ ಎತ್ತಿ ತಮ್ಮ ಎದೆ ಮುಟ್ಟಿಕೊಂಡರು. ಥೆರಪಿಯವಳು "ಗುಡ್ ಅಂಕಲ್" ಎಂದು ಅತ್ತೆಯ ಫೋಟೋ ಮುಂದಿಟ್ಟಳು.

ಮಾವ ಅದನ್ನು ಬಹಳ ಹೊತ್ತು ನೋಡಿದರು. ಎಡಗೈಯಿಂದ ಅದನ್ನು ಹತ್ತಿರಕ್ಕೆ ಎಳೆದುಕೊಂಡರು.

"ಯಾರು ಅಂಕಲ್ ಇವ್ರು?"

"ಕಮಿಂಗ್" ಎಂದರು ಮಾವ.

"ಬಸ್ ಅಲ್ಲ ಅಂಕಲ್. ಇವ್ರು ಯಾರು ನೋಡಿ. ಹೆಸ್ರೇನು?"

"ಕಮಿಂಗ್."

"ಅವ್ರು ಹೆಂಡ್ತಿ ಹೆಸ್ರು ಯಾವತ್ತೂ ಹೇಳಿಲ್ಲಮ್ಮ, ಈಗೆಲ್ಲಿ ಹೇಳ್ತಾರೆ?" ಎಂದೆ ನಾನು.

"ಹೆಸ್ರು ಬೇಡ ಮೇಡಂ, ಮನೆಯವ್ಳು ಅನ್ಲಿ, ಮಗನ ಫೋಟೋಗೆ ಮಾಡ್ದಂಗೆ ಎದೆ ಮುಟ್ಕೊಳ್ಲಿ, ಸಾಕು." ಅವಳು ಇನ್ನೊಂದು ಸಲ ಕೇಳಿದಳು. ಮಾವ ಅದನ್ನೇ ಹೇಳಿದರು, ಮೂರನೇ ಸಲ ಸಿಟ್ಟಿನಿಂದ, ಮೇಜು ಕುಟ್ಟಿ. ಹಿಂದಿನ ಕಾರ್ಡಿನ ಪದ ನಾಲಿಗೆಯಲ್ಲಿ ಸಿಕ್ಕಿಹಾಕಿಕೊಂಡಿದೆ, ಇಂಥ ರೋಗಿಗಳಲ್ಲಿ ಇದು ಸಾಮಾನ್ಯ ಎಂದು ಅವಳು ಮೆಲ್ಲಗೆ ಹೇಳಿದಳು. ನನಗೂ ಹಾಗೇ ಕಂಡಿತು. ದಿನಾ ಮಕ್ಕಳ ಬಾಯಲ್ಲಿ ಕೇಳುವ ತಪ್ಪುಗಳ ಪೈಕಿ ಇನ್ನೊಂದು.

ಹೊರಗೆ ಬಂದಾಗ ಅತ್ತೆ ಬೆಂಚಿನಿಂದ ಎದ್ದು ನಿಂತಿದ್ದರು.

"ತೋರ್ಸಿದ್ರಾ?"

"ಹೂಂ ಅತ್ತೆ."

"ಏನಂದ್ರು?"

"ಗೊತ್ತಾಗ್ಲಿಲ್ಲ ಅತ್ತೆ, ಅವ್ರಿಗೆ." ಬಸ್ಸಿನ ಕಾರ್ಡಿನ ಕಥೆಯನ್ನೆಲ್ಲ ಹೇಳಿ ಪ್ರಯೋಜನವೇನು ಎಂದುಕೊಂಡೆ.

ಅತ್ತೆ ಫೋಟೋ ಇಸಿದುಕೊಂಡು ಪರ್ಸಿನಲ್ಲಿಟ್ಟುಕೊಂಡರು. "ಸರಿ ಬುಡು" ಎಂದರು. ಆಟೋ ಲಗ್ಗೆರೆಯ ಬ್ರಿಜ್ ಇಳಿಯುವಾಗ ಹೊರಗೆ ನೋಡುತ್ತಲೇ ಹೇಳಿದರು, "ಚಂದಾಪುರಕ್ಕೆ ಫೋನ್ ಮಾಡಕ್ಕೆ ಏಳು ಅವ್ನಿಗೆ."

ಅದಾದ ಮೇಲೆ ಅತ್ತೆ ಮಾವನ ರೂಮಿಗೆ ಹೋಗುವುದನ್ನೇ ಬಿಟ್ಟರು. ಅನ್ನ ಕಲಸಿ ತಟ್ಟೆಯನ್ನು ನನ್ನ ಕೈಗೆ ಕೊಡುವರು. ಅಳಲಿಲ್ಲ, ಕೂಗಾಡಲಿಲ್ಲ. "ಒಂದ್ ಜನ್ಮ ಬೇಯ್ಸಾಕಿದ್ದು ಯಾರು ಅನ್ನೋದೇ ಮರ್ತೋದ್ರಲ್ಲ" ಎಂದು ಒಂದೇ ಸಲ, ಒಲೆಯ ಕಡೆ ತಿರುಗಿಕೊಂಡು ಹೇಳಿದರು. ಆದರೂ ಸುಳ್ಳು ಯಾಕೆ ಹೇಳಲಿ, ಮಾವ ಹೋಗುತ್ತಾರೆ ಎಂದು ಗೊತ್ತಾದಾಗಿನಿಂದ ನನ್ನ ಹೆಗಲು ಸ್ವಲ್ಪ ಸಡಿಲವಾಗಿತ್ತು. ಭಾನುವಾರ ಸ್ನಾನ ಮಾಡಿ ತಲೆ ಒಣಗಿಸಿಕೊಳ್ಳುತ್ತಾ ಬಿಸಿಲಲ್ಲಿ ಕೂರಬಹುದು ಎಂದು ಯೋಚಿಸುತ್ತಿದ್ದೆ. ಅಷ್ಟು ಸಣ್ಣ ಆಸೆಯೇ ದೊಡ್ಡದಾಗಿ ಕಾಣುವಷ್ಟು ಸುಸ್ತಾಗಿತ್ತು ನನಗೆ.

ಹೊರಡುವ ಭಾನುವಾರ ಬಂತು. ಮಾವನ ಬಟ್ಟೆ, ಮಾತ್ರೆ, ಶೇವಿಂಗ್ ಸೆಟ್ಟು ಎಲ್ಲ ಒಂದು ಬ್ಯಾಗಿಗೆ ತುಂಬಿದೆ. ಕ್ಯಾಬು ಬಂದು ಗೇಟಿನ ಹತ್ತಿರ ನಿಂತಿತು. ಚಪ್ಪಲಿ ಹಾಕಲು ಹೋದರೆ ಮಾವ ಕಾಲು ಎಳೆದುಕೊಂಡರು. ಎಡಗೈಯಿಂದ ಶೂ ಸ್ಟ್ಯಾಂಡ್ ತೋರಿಸಿದರು. ಸರಿ, ಎಲ್ಲಿಗೋ ಹೊರಟಿದ್ದೇವೆ ಎಂದು ಅವರಿಗೆ ತಿಳಿದಿದೆ ಎಂದುಕೊಂಡು, ವರ್ಷದಿಂದ ಮುಟ್ಟದಿದ್ದ ಶೂಗಳ ಧೂಳು ಒರೆಸಿ ಹಾಕಿ, ಲೇಸು ಕಟ್ಟಿದೆ. ಗಂಡ ವೀಲ್‌ಚೇರ್ ತಳ್ಳಿಕೊಂಡು ಬಾಗಿಲಿಗೆ ಬಂದರು. ಅತ್ತೆ ಅಡುಗೆ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು.

"ಅಮ್ಮಾ, ಹೊರಟ್ವಿ" ಎಂದು ಗಂಡ ಕೂಗಿದರು. ನಲ್ಲಿಯ ಸದ್ದು ಇನ್ನೂ ಜೋರಾಯಿತು.

"ಬನ್ನಿ ಅತ್ತೆ, ಒಂದ್ಸಲ ನೋಡಿ" ಎಂದೆ ನಾನು.

ಗಾಲಿ ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಮಾವ ಎಡಗೈಯಿಂದ ಬಾಗಿಲಿನ ಚೌಕಟ್ಟು ಹಿಡಿದುಕೊಂಡುಬಿಟ್ಟರು. ಗಂಡ ಬಿಡಿಸಲು ನೋಡಿದರು, ಆಗಲಿಲ್ಲ. ಕತ್ತು ಹಿಂದಕ್ಕೆ ಹೊರಳಿಸಿ, ಅಡುಗೆ ಮನೆಯ ಕಡೆ, ಅಷ್ಟೇನೂ ಗಟ್ಟಿಯಾಗಿ ಅಲ್ಲ, ಹೇಳಿದರು:

"ಕಮಿಂಗ್."

ಡ್ರೈವರ್ ಹಾರನ್ ಹೊಡೆಯುತ್ತಿದ್ದ. ನಾನು ಬೆಳಗಿನಿಂದ ಕೂತಿದ್ದಿಲ್ಲ, ನಿಂತಿದ್ದಿಲ್ಲ. "ಅಯ್ಯೋ ಮಾವ, ಕಮಿಂಗ್ ಅಲ್ಲ, ಗೋಯಿಂಗ್. ಕೈ ಬಿಡಿ" ಎಂದು ಟೀಚರ್ ದನಿಯಲ್ಲೇ ಗದರಿದೆ.

ನಲ್ಲಿ ನಿಂತಿತು.

"ಹೂಂ, ಬನ್ನಿ" ಎಂದಿತು ಅಡುಗೆ ಮನೆಯಿಂದ ಒಂದು ದನಿ. ಅತ್ತೆಯದೇ. ಆದರೆ ಅಷ್ಟು ಎಳೆಯ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. ಕೆಲಸದ ನಡುವೆ ತಲೆ ಎತ್ತದೆಯೇ, ಯೋಚಿಸದೆಯೇ ಕೊಟ್ಟ ಉತ್ತರ ಅದು. ಆಮೇಲೆ ಒಂದು ತಟ್ಟೆ ಬಿದ್ದ ಸದ್ದಾಯಿತು. ಅತ್ತೆ ಸೋಪಿನ ಕೈಯಲ್ಲೇ ಓಡಿಬಂದರು.

"ಯಾರು ಅಂದಿದ್ದು? ಇವ್ರಾ?"

"ಹೂಂ ಅತ್ತೆ. ಅದೇ ಪದ ಸಿಕ್ಕಾಕೊಂಡಿದೆ ಅವ್ರಿಗೆ. ಅವತ್ತು ನಿಮ್ ಫೋಟೋ ತೋರ್ಸಿದಾಗ್ಲೂ ಅದನ್ನೇ ಅಂದ್ರು."

"ನನ್ ಫೋಟೋ ನೋಡಿ ಅಂದ್ರಾ?"

"ಮೂರು ಸಲ. ಮೇಜು ಕುಟ್ಟಿ."

ಅತ್ತೆ ಅಲ್ಲೇ ಹೊಸ್ತಿಲ ಪಕ್ಕ, ಮಂಡಿನೋವನ್ನೂ ಮರೆತು, ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ ನನ್ನಪ್ಪ" ಎಂದು ಮಾವನ ಶೂ ಮೇಲೆ ಕೈಯಿಟ್ಟರು. ಆಮೇಲೆ ನಮಗೆ ಹೇಳಿದರು, ಅಳುತ್ತಾ, ನಡುನಡುವೆ ನಾಚುತ್ತಾ.

ಮದುವೆಯಾಗಿ ಬಂದಾಗ ಲಗ್ಗೆರೆ ಇನ್ನೂ ಹಳ್ಳಿ. ಇದೇ ಜಾಗದಲ್ಲಿ ಹೆಂಚಿನ ಮನೆ, ಜಗಲಿಯ ಮೇಲೆ ಅವರ ಅತ್ತೆ ಮಾವ ಸದಾ ಕೂತಿರುವರು. ಫಸ್ಟ್ ಶಿಫ್ಟಿನ ಬಸ್ಸಿಗೆ ಗಂಡ ನಸುಕಿನಲ್ಲೇ ಹೊರಡಬೇಕು. ಹಿರಿಯರ ಎದುರಿಗೆ ಹೆಂಡತಿಗೆ "ಬರ್ತೀನಿ" ಎಂದು ಹೇಳಿ ಹೋಗುವುದು ಆ ಮನೆಯಲ್ಲಿ ಮಾನಗೇಡಿತನ.

"ಏಳ್ದೆ ಓಗಕ್ಕೂ ಇವ್ರಿಗ್ ಮನ್ಸಿಲ್ಲ. ಅದ್ಕೆ ಬಾಗ್ಲಲ್ಲಿ ನಿಂತು, ಯಾರ್ಗೂ ಅಲ್ಲ ಅನ್ನೋ ಅಂಗೆ, ಕಮಿಂಗ್ ಅನ್ನೋರು. ನಮ್ಮತ್ತೆ ಅದು ಫ್ಯಾಕ್ಟ್ರಿ ಮಾತು ಅನ್ಕಂಡಿದ್ರು. ನಂಗೆ ಮಾತ್ರ ಏಳ್ಕೊಟ್ಟಿದ್ರು, ಅಂಗಂದ್ರೆ ಬರ್ತೀನಿ ಅಂತ. ನಾನು ಒಳಗಿಂದ್ಲೇ ಹೂಂ ಬನ್ನಿ ಅನ್ನೋಳು."

"ನಂಗೆ ಇದು ಗೊತ್ತೇ ಇಲ್ವಲ್ಲಮ್ಮ" ಎಂದರು ನನ್ನ ಗಂಡ.

"ನಿಂಗ್ಯಾಕೋ ಗೊತ್ತಾಗ್ಬೇಕು? ನೀನು ಮಲ್ಗಿರ್ತಿದ್ದೆ. ನಿಂಗಲ್ಲ ಅವ್ರು ಏಳ್ತಿದ್ದಿದ್ದು." ಅತ್ತೆ ಮೂಗು ಒರೆಸಿಕೊಂಡರು. "ಅತ್ತೆ ಮಾವ ಓದ್ಮೇಲೂ ಅದೇ ಅಭ್ಯಾಸ. ರಿಟೇರ್ ಆದ್ಮೇಲೆ ನಿಂತೋಯ್ತು. ಡೂಟಿನೇ ಇಲ್ಲ, ಇನ್ನೆಲ್ಲಿಗೋಗಿ ಬರೋದು? ನಾನೂ ಮರ್ತಿದ್ದೆ ಕಣವ್ವ. ನಾನೇ ಮರ್ತಿದ್ದೆ."

ಹೆಸರು ಹಿಡಿದು ಕರೆಯದ ಹೆಂಡತಿಗೆ ಅವರ ಬಾಯಲ್ಲಿ ಇದ್ದದ್ದು ಆ ಒಂದೇ ಪದ. ಫೋಟೋದಲ್ಲಿ ಎರಡು ಜಡೆಯ ಹುಡುಗಿಯನ್ನು ಕಂಡು ಅದನ್ನೇ ಹೇಳಿದ್ದರು. ಕೇಳಿಸಿಕೊಳ್ಳಬೇಕಾದವರು ಗೋಡೆಯ ಆಚೆ ಬೆಂಚಿನ ಮೇಲೆ ಕೂತಿದ್ದರು.

"ಎಲ್ಲೂ ಬ್ಯಾಡ" ಎಂದರು ಅತ್ತೆ. ಗಂಡ ನನ್ನ ಮುಖ ನೋಡಿದರು. ನಾನು ಬ್ಯಾಗಿನ ಮುಖ ನೋಡಿದೆ. ಬಿಸಿಲಲ್ಲಿ ಕೂತು ತಲೆ ಒಣಗಿಸಿಕೊಳ್ಳುವ ಭಾನುವಾರ ಎದುರಿಗೇ ಜಾರಿಹೋಗುತ್ತಿತ್ತು, ನನಗೆ ಅಳು ಬಂತು. ಆ ಅಳು ಯಾರಿಗಾಗಿ ಎಂದು ಕೇಳಿದರೆ ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ. ಅತ್ತೆಗೆ ಅರ್ಥವಾಯಿತು. "ನಿಂಗೆ ಕಷ್ಟ ಆಯ್ತದೆ, ಗೊತ್ತು. ಬೆಳಗಿನ್ ಕೆಲ್ಸ ಇನ್ಮೇಲೆ ನಂದು. ಮಂಡಿ ಓದ್ರೆ ಓಯ್ತು" ಎಂದರು. ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬ್ಯಾಗನ್ನು ಒಳಗೆ ಎಳೆದಿಟ್ಟೆ. ಗಂಡ ಕ್ಯಾಬು ಕಳಿಸಲು ಹೋದರು.

ಮಾವ ಮಾತ್ರ ಚೌಕಟ್ಟು ಬಿಟ್ಟು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಚೇರನ್ನು ಒಳಕ್ಕೆ ತಿರುಗಿಸಲು ಹೋದರೆ ಎಡಗಾಲನ್ನು ನೆಲಕ್ಕೆ ಊರಿದರು.

"ತಿರುಗಿಸ್ಬೇಡ" ಎಂದರು ಅತ್ತೆ. "ಬರ್ತೀನಿ ಅಂದ್ಮೇಲೆ ಒಂದ್ಸಲ ಓಗಿ ಬರ್ಬೇಕು. ಆ ಹಾಲಿನ್ ಬೂತ್ ತಂಕ ಕರ್ಕೊಂಡೋಗ್ಬಾರವ್ವ. ನಂಗೆ ಇಲ್ಲಿ ಕೆಲ್ಸ ಐತೆ."

ನಾನು ತಳ್ಳಿಕೊಂಡು ಹೊರಟೆ. ನಮ್ಮ ರಸ್ತೆಯಲ್ಲಿ ಗಾಲಿ ಉರುಳುವುದಕ್ಕಿಂತ ಗುಂಡಿಗೆ ಬೀಳುವುದೇ ಹೆಚ್ಚು. ಮಾವ ಶೂ ಹಾಕಿದ ಎರಡೂ ಕಾಲುಗಳನ್ನು ಜೋಡಿಸಿಕೊಂಡು ನೆಟ್ಟಗೆ ಕೂತಿದ್ದರು. ಬೂತಿನವನು "ಏನ್ ಸಾರ್, ಹೆಂಗಿದೀರಾ?" ಎಂದ. ಮಾವ ಎಡಗೈ ಎತ್ತಿದರು. ಅಲ್ಲಿ ಸ್ವಲ್ಪ ಹೊತ್ತು ನಿಂತೆವು, ನನಗೆ ಉಸಿರು ಬರಬೇಕಿತ್ತು. ಆಮೇಲೆ ತಿರುಗಿಸಿದೆ, ಈ ಸಲ ಕಾಲು ಊರಲಿಲ್ಲ.

ಅತ್ತೆ ಗೇಟಿನ ಹತ್ತಿರವೇ ನಿಂತಿದ್ದರು. ಸೋಪಿನ ಕೈ ತೊಳೆದು, ಸೀರೆ ಬದಲಾಯಿಸಿ, ಹಣೆಗೆ ಕುಂಕುಮ ಇಟ್ಟುಕೊಂಡಿದ್ದರು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಬಂದ್ರಾ?" ಎಂದರು.

ಮಾವನ ಬಾಯಿ ಒಂದು ಕಡೆಗೆ ಎಳೆಯಿತು. ಗಂಟಲಲ್ಲಿ ಏನೋ ತಡಕಾಡಿದರು. ನಾನು ಹಿಂದೆ ನಿಂತು ಚೇರಿನ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಬಂದೆ" ಎಂದರು.